ಕಿಂಪರಾಜ

ಎಲ್ಲ ಶುರುವಾದದ್ದು ಒಂದು ಲೋಟ ಬೆಲ್ಲದ ಟೀಯಿಂದ.

ಹೊಸಕೋಟೆ ಬಸ್ಸಿನಿಂದ ನಂದಗುಡಿಯಲ್ಲಿ ಇಳಿದ ಕೆಂಪರಾಜ ಚಿಕ್ಕವೆಂಕಟಪ್ಪನ ಹೋಟೆಲಿನ ಬೆಂಚಿನ ಮೇಲೆ ಕುಳಿತು, ವಿಮಾನದಲ್ಲಿ ದಾರಿಯುದ್ದಕ್ಕೂ ಚಪ್ಪರಿಸಿಕೊಂಡು ಬಂದಿದ್ದ ಮಾತನ್ನು ಹೇಳಿಯೇಬಿಟ್ಟ.

"ಒಂದು ಬಿಲ್ಲದ ಟೀ ಕೊಡಿ."

ಚಿಕ್ಕವೆಂಕಟಪ್ಪ ಟೀ ಸೋಸುವುದನ್ನು ನಿಲ್ಲಿಸಿದ. "ಬಿಲ್ ಇಲ್ದಿರೋ ಟೀ ಇಲ್ಲಿ ಯಾರ್ಗೂ ಕೊಡಲ್ಲ ಸಾರ್. ನನ್ ಭಾವಮೈದುನಂಗೇ ಕೊಡಲ್ಲ."

"ಅಯ್ಯೋ, ಬಿಲ್ಲ! ಬಿಲ್ಲ ಹಾಕಿ ಅಂದಿದ್ದು."

"ಹಾಕ್ತೀನಿ, ಮೊದ್ಲು ಕುಡೀರಿ. ಯಾವೂರಾಯ್ತು ತಮ್ದು?"

ಆ ಪ್ರಶ್ನೆ ಕೆಂಪರಾಜನಿಗೆ ಎಮ್ಮೆ ಒದ್ದಂತೆ ತಾಗಿತು. ನ್ಯೂಜಿಲೆಂಡಿನ ದನದ ಫಾರಮ್ಮಿನಲ್ಲಿ ಹಾಲು ಕರೆದುಕೊಂಡಿದ್ದ ಅಷ್ಟೂ ವರ್ಷ, ಬಾಯಿ ತೆರೆದಾಗಲೆಲ್ಲ ಅಲ್ಲಿನವರು ಕೇಳಿದ್ದು ಇದನ್ನೇ. ಇದನ್ನು ಕೇಳಿಸಿಕೊಳ್ಳಬೇಕಾಗಿಲ್ಲದ ಜಾಗ ಭೂಮಿಯ ಮೇಲೆ ಒಂದಿದೆ, ಅದು ನಂದಗುಡಿ ಎಂದುಕೊಂಡೇ ಅವನು ಟಿಕೆಟ್ ತೆಗೆಸಿದ್ದ.

"ಇದೇ ಊರು ಕಣ್ರೀ. ಅಮ್ಮಯಮ್ಮನ ಮನಿ ಹುಡುಗ."

"ಮನಿ! ಓಹೋ, ಹುಬ್ಳಿ ಕಡೆಯೋರು."

"ಅಲ್ಲಪ್ಪಾ, ನಾನು ಕಿಂಪರಾಜ!"

"ಕಿಂಪರಾಜ ಅನ್ನೋ ಹೆಸ್ರೇ ಕೇಳಿಲ್ಲ. ಕೆಂಪ್ರಾಜ ಅಂತ ಒಬ್ಬ ಇದ್ದ, ತಲೆ ತುಂಬಾ ಕೂದ್ಲು. ಇಲ್ಲಿ ದನ ಕಾಯೋಕೆ ನಾಚ್ಕೆ ಆಗಿ ಫಾರಿನ್‌ಗೆ ಹೋಗಿ ದನ ಕಾಯ್ತಾವ್ನೆ."

ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ಅವನ ಮಗಳು ರಂಜಿತ ಬಿ.ಎಡ್. ಓದುವವಳು. ಮನುಷ್ಯ ಕನ್ನಡ ಬಾರದೆ ಒದ್ದಾಡುತ್ತಿದ್ದಾನೆಂದು ಮರುಗಿ ಇಂಗ್ಲಿಷಿನಲ್ಲಿ ವಿಚಾರಿಸಿದಳು. ಕೆಂಪರಾಜ ಇಂಗ್ಲಿಷಿನಲ್ಲೇ ಉತ್ತರಿಸಿದ. ಅದನ್ನು ಕೇಳಿದ್ದೇ ಅವಳು ಎದ್ದು ನಿಂತಳು.

"ಅಪ್ಪಾ, ಇವ್ರು ನಮ್ಮೂರೋರೇ! ಇಂಗ್ಲಿಷ್ ಮಾತ್ರ ಪಕ್ಕಾ ನಂದಗುಡೀದು. ಅಂಕಲ್, ನಿಮ್ಗೆ ಅಲ್ಲೀ ಆಕ್ಸೆಂಟು ಬಂದೇ ಇಲ್ವಲ್ಲಾ?"

"ದೊಡ್ಡೋನಾದ್ಮೇಲಿ ಹೋದ್ರಿ ಬರಲ್ಲಮ್ಮಾ," ಎಂದ ಕೆಂಪರಾಜ.

"ಬಂದದೆ ಅಂಕಲ್. ಅಡ್ರೆಸ್ ತಪ್ಪಿ ಕನ್ನಡಕ್ಕೆ ಬಂದದೆ."

ನಿಜವೇ. ಆ ದೇಶದವರ ಬಾಯಲ್ಲಿ 'ಎ'ಕಾರ ಜಾರಿ 'ಇ'ಕಾರದ ಮಡಿಲಿಗೆ ಬೀಳುತ್ತದೆ. ಯೆಸ್ ಅಂದರೆ 'ಯಿಸ್', ಟೆನ್ ಅಂದರೆ 'ಟಿನ್'. ಕೆಂಪರಾಜನ ಇಂಗ್ಲಿಷು ಆ ಕೆಸರಲ್ಲಿ ಜಾರದೆ ರಾಗಿಮುದ್ದೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಭಾನುವಾರ ಫೋನಿನಲ್ಲಷ್ಟೇ ಹೊರಗೆ ಬರುತ್ತಿದ್ದ ಬಡಪಾಯಿ ಕನ್ನಡ, ಒಡೆಯನಿಗೆ ಗೊತ್ತಾಗದಂತೆ ಜಾರಿಬಿದ್ದಿತ್ತು.

ಅಷ್ಟರಲ್ಲಿ ಬೈರೇಶ ಬಂದ. ಶಾಲೆಯಲ್ಲಿ ಕೆಂಪರಾಜನ ಪಕ್ಕ ಕೂರುತ್ತಿದ್ದವನು; ಮೇಷ್ಟರಿಂದ ಹಿಡಿದು ಹಾಲಿನ ಡೇರಿ ಸೆಕ್ರೆಟರಿವರೆಗೆ ಯಾರ ದನಿಯನ್ನಾದರೂ ತೆಗೆದು ಕೈಗಿಡುವವನು. ನಡಿಗೆ ನೋಡಿಯೇ ಗುರುತು ಹಿಡಿದು ತಬ್ಬಿಕೊಂಡ.

"ಬೈರೇಶಾ, ನಾನು ನಿನ್ನ ಗಿಳಿಯ ಕಣೋ!"

"ಗಿಳಿ ನಾನು ಕಣ್ಲಾ. ನೀನ್ಯಾವಾಗಾದೆ?"

"ದೊಡ್ಡಮ್ಮ ಇಲ್ಲಿ? ಅವಳಿಗಿ ಅಂತ ಇಲಿ ಅಡಿಕಿ ತಂದಿದ್ದೀನಿ."

"ಇಲೀನಾ!" ಚಿಕ್ಕವೆಂಕಟಪ್ಪ ಬ್ಯಾಗಿನಿಂದ ದೂರ ಸರಿದ.

ದೊಡ್ಡಮ್ಮ ಅಂದರೆ ಅಮ್ಮಯಮ್ಮ. ಹೆತ್ತವಳು ಹೋದ ಮೇಲೆ ಕೆಂಪರಾಜನನ್ನು ಸಾಕಿದವಳು. ಅವಳ ಮುಂದೆ ದಿಢೀರನೆ ನಿಂತು "ದೊಡ್ಡಮ್ಮಾ" ಎನ್ನಬೇಕು, ಅವಳು "ಬಂದ್ಯಾ ಮಗಾ" ಎನ್ನಬೇಕು. ಅಷ್ಟಕ್ಕಾಗಿಯೇ ಅವನು ಸಮುದ್ರ ದಾಟಿ ಬಂದಿದ್ದ.

ಬೈರೇಶನ ಮುಖ ಸಪ್ಪಗಾಯಿತು. "ಕಣ್ಣಿನ ಪೊರೆ ಆಪರೇಷನ್ ಆಗದೆ. ಮಗಳು ಕದಿರಮ್ಮ ಸಾಯಂಕಾಲ ಆಸ್ಪತ್ರೆಯಿಂದ ಕರ್ಕೊಂಡ್ ಬರ್ತಾಳೆ. ಒಂದ್ ಕಣ್ಗೆ ಪಟ್ಟಿ, ಇನ್ನೊಂದ್ ಕಣ್ಣು ಪೂರ್ತಿ ಮಂಜು. ದನಿ ಕೇಳೇ ಗುರ್ತು ಹಿಡೀಬೇಕು. ಈ ದನೀಲಿ ಹೋದ್ರೆ ಕೆಟ್ಟೆ."

"ಪ್ರತಿ ಭಾನುವಾರ ಫೋನ್ ಮಾಡ್ತೀನಲ್ಲೋ!"

"ಎಲ್ಲಿ ಪ್ರತಿ ಭಾನುವಾರ? ಅಲ್ಲಿ ದನ ಕರ ಹಾಕೋ ಕಾಲ್ದಲ್ಲಿ ತಿಂಗ್ಳುಗಟ್ಲೆ ಮಾಡಲ್ಲ ನೀನು. ಅವ್ಳು ಫೋನ್ ಹಿಡ್ಕೊಂಡ್ ಕೂತಿರೋದ್ ನೋಡಕ್ಕಾಗ್ದೆ ನಾನೇ ನಿನ್ ದನೀಲಿ ಮಾಡ್ತಿದ್ದೆ. ನಿನ್ ಹಳೇ ದನೀಲಿ. ಬೇಜಾರ್ ಮಾಡ್ಕೋಬೇಡ, ನಾನ್ ಮಾಡ್ದಾಗ ಹೊಟ್ಟೆ ಹುಣ್ಣಾಗೋ ಹಂಗ್ ನಗ್ತಾಳೆ. ನೀನ್ ಮಾಡ್ದಾಗ ಮಾತೇ ಇಲ್ಲ, ಫೋನಿಟ್ಟು ಕಣ್ಣೊರೆಸ್ಕೋತಾಳೆ. ಯಾರೋ ಏನೋ ಅಂತ ಗಾಬ್ರಿ ಇರ್ಬೇಕು."

ಕೆಂಪರಾಜ ಟೀ ಲೋಟ ಕೆಳಗಿಟ್ಟ. ಆ ಮೌನವನ್ನೆಲ್ಲ ಅವನು ಇಷ್ಟು ದಿನ ನೆಟ್‌ವರ್ಕಿನ ಮೇಲೆ ಹಾಕಿದ್ದ.

"ಸಾಯಂಕಾಲದೊಳ್ಗಿ ನಂಗಿ ನನ್ನ ಮಾತು ಕಲ್ಸು," ಎಂದ.

ಪಾಠ ಶುರುವಾಯಿತು. ಊರಿನಲ್ಲಿ ಕೆಲಸವಿಲ್ಲದವರೆಲ್ಲ ಮೇಷ್ಟರಾದರು.

"ಹೇಳು: ಎಮ್ಮೆ ಎಲೆ ಮೆಂದು ಕೆರೆಗೆ ಬಿತ್ತು."

"ಇಮ್ಮಿ ಇಲಿ ಮಿಂದು ಕಿರಿಗಿ ಬಿತ್ತು."

"ಇಲಿ ಯಾವಾಗ್ ಸ್ನಾನ ಮಾಡ್ತಪ್ಪಾ?" ಎಂದು ಬೆಂಚಿನ ಮೇಲಿದ್ದವರು ಬಿದ್ದು ಬಿದ್ದು ನಕ್ಕರು.

"ಅಲ್ಲಿ ಚಳಿ ಜಾಸ್ತಿ, ಬಾಯಿಗೆ ಗಾಳಿ ನುಗ್ತದೆ ಅಂತ ಅರ್ಧ ಮುಚ್ಕೊಂಡೇ ಮಾತಾಡ್ತಾರೆ," ಎಂದು ಚಿಕ್ಕವೆಂಕಟಪ್ಪ ಸಂಶೋಧನೆ ಮಂಡಿಸಿದ. "ಅಗ್ಲ ತೆಗಿ! ಮುದ್ದೆ ನುಂಗೋ ಹಂಗೆ!" ಬಾಯಳತೆ ಸರಿಹೋಗಲೆಂದು ಬಿಸಿಬಿಸಿ ಮುದ್ದೆಯನ್ನೇ ತರಿಸಿದರು. ಕೆಂಪರಾಜ ನಾಲಿಗೆ ಸುಟ್ಟುಕೊಂಡು "ಎಎಎ!" ಎಂದು ಕಿರುಚಿದ.

"ಬಂತು! ಎಕಾರ ಬಂತು!" ಹೋಟೆಲು ಚಪ್ಪಾಳೆ ತಟ್ಟಿತು.

ಅಲ್ಲಿಂದ ಮುಂದೆ ಬೈರೇಶ ಕೆಂಪರಾಜನ ದನಿಯಲ್ಲಿ ಹೇಳುತ್ತ ಹೋದ, ಕೆಂಪರಾಜ ತನ್ನದೇ ದನಿಯನ್ನು ನಕಲು ಹೊಡೆಯುತ್ತ ಹೋದ. ಮಧ್ಯಾಹ್ನ ಕಳೆಯಿತು. ಬಿಸಿಲು ಇಳಿಯುವ ಹೊತ್ತಿಗೆ ಅವನ ಎಮ್ಮೆ ಎಲೆಯನ್ನೇ ಮೇಯುತ್ತಿತ್ತು, ಕೆರೆಗೇ ಬೀಳುತ್ತಿತ್ತು.

"ಈಗ ನೀನು ನೀನೇ ಕಣ್ಲಾ," ಎಂದ ಬೈರೇಶ, ಬೆನ್ನು ತಟ್ಟಿ.

ಡೇರಿಗೆ ಹಾಲು ಹಾಕುವ ಹೊತ್ತು. ಬೀದಿಯಲ್ಲಿ ಯಾರೂ ಇರಲಿಲ್ಲ. ಬೈರೇಶನೂ ಕ್ಯಾನು ಹಿಡಿದು ಹೋದ. ತಾಯಿಯನ್ನು ಮನೆಗೆ ಕರೆತಂದು ಕೂರಿಸಿ ಕದಿರಮ್ಮನೂ ಡೇರಿಗೆ ಓಡಿದ್ದಳು. ಪಡಸಾಲೆಯಲ್ಲಿ ಅಮ್ಮಯಮ್ಮ ಒಬ್ಬಳೇ, ಕರೀ ಕನ್ನಡಕ ಹಾಕಿಕೊಂಡು ಪತ್ತೇದಾರಳ ಹಾಗೆ ಕೂತಿದ್ದಳು. ಮಡಿಲಲ್ಲಿ ಬಟನ್ ಫೋನು.

ಕೆಂಪರಾಜ ಬಾಯಿ ಅಗಲ ತೆರೆದು, ಒಂದೊಂದು ಎಕಾರಕ್ಕೂ ಬೆಣ್ಣೆ ಹಚ್ಚಿ ಹೇಳಿದ: "ದೊಡ್ಡಮ್ಮಾ, ನಾನು ಕೆಂಪ್ರಾಜ. ಬಂದೆ ಕಣಮ್ಮಾ. ಎಲೆ ಅಡಿಕೆ ತಂದಿದ್ದೀನಿ."

ಅಮ್ಮಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸಾಕ್ ಬಾರೋ ಬೈರೇಶ! ಇವತ್ತಂತೂ ಭಾಳಾ ಚೆಂದಾಗದೆ."

"ಬೈರೇಶ ಅಲ್ಲ ದೊಡ್ಡಮ್ಮ, ದಿಟವಾಗ್ಲೂ ಕೆಂಪ್ರಾಜ!"

"ಅದನ್ನೇ ಅಲ್ವೇನೋ ಪ್ರತೀ ಸಲ ಫೋನಲ್ಲಿ ಹೇಳೋದು ನೀನು? ಮುದುಕಿಗೆ ಏನೂ ಗೊತ್ತಿಲ್ಲ ಅಂದ್ಕೊಂಡ್ಯಾ? ಕುಸಿಯಾಗಿರ್ಲಿ ಅಂತ ಮಾಡ್ತಾನೆ ಪಾಪ ಅಂತ ನಾನೂ ಹೂಂಗುಡ್ತೀನಿ."

ಕೆಂಪರಾಜ ಅವಳ ಕಾಲು ಹಿಡಿದುಕೊಂಡ.

"ಇದ್ಯಾಕೋ, ಇವತ್ತು ಕಾಲ್ಗೆ ಬೇರೆ ಬೀಳ್ತೀಯಾ? ಏಳು. ಒಂದ್ ಮಾತ್ ಹೇಳ್ತೀನಿ ಕೇಳು. ಕೆಂಪ್ರಾಜ ಈಗ ಇಂಗೆ ಮಾತಾಡಲ್ಲ. ಅವನ್ ಮಾತು ಸೊಟ್ಟ ಆಗದೆ. ಎಲೆಗೆ ಇಲಿ ಅಂತಾನೆ, ಮನೆಗೆ ಮನಿ ಅಂತಾನೆ. ಅಷ್ಟ್ ದೂರ್ದಲ್ಲಿ ಯಾರ್ ಜೊತೇಲೂ ಮಾತಿಲ್ದೆ ಅಲ್ವಾ ಅಂಗಾಗಿರೋದು ಅನ್ಸಿ ಮಾತಾಡಕ್ಕಾಗ್ದೆ ಫೋನಿಟ್ಬಿಡ್ತೀನಿ. ಆ ಸೊಟ್ಟ ಮಾತ್ ಕೇಳಕ್ಕೇ ಕಣೋ ವಾರ ಪೂರ್ತಿ ಕಾಯೋದು ನಾನು."

ಕೆಂಪರಾಜ ಆತುರದಿಂದ ತುಟಿ ಬಿಗಿದು ಹೇಳಿದ: "ದೊಡ್ಡಮ್ಮಾ! ನಾನು ಕಿಂಪರಾಜ! ಇಲಿ ಅಡಿಕಿ ತಂದಿದ್ದೀನಿ!"

"ಅಯ್ಯೋ ಕಳ್ಳಾ, ಈಗ್ತಾನೆ ಹೇಳ್ಕೊಟ್ಟೆ, ಆಗ್ಲೇ ಸುರು ಮಾಡ್ದೆ!" ಅವಳು ಇನ್ನಷ್ಟು ನಕ್ಕಳು. "ಆದ್ರೂ ಅವನಂಗ್ ಬರ್ಲಿಲ್ಲ ಬಿಡು. ಅವಂದು ತಂತಾನೆ ಬರೋದು. ಈಗ ಹೋಗಪ್ಪಾ, ಇವತ್ತು ಭಾನ್ವಾರ. ಕೆಂಪ್ರಾಜ ಮಧ್ಯಾಹ್ನಾನೇ ಫೋನ್ ಮಾಡ್ಬೇಕಿತ್ತು, ಇನ್ನೂ ಮಾಡಿಲ್ಲ. ನೀನ್ ಇಲ್ಲೇ ಗಲಾಟೆ ಮಾಡ್ತಿದ್ರೆ ರಿಂಗಾಗಿದ್ದೂ ಕೇಳ್ಸಲ್ಲ."

ಕೆಂಪರಾಜ ಹೊರಗೆ ಬಂದು ಜಗಲಿಯ ಮೇಲೆ ಕುಸಿದ. ಆಮೇಲೆ ಜೇಬಿನಿಂದ ಫೋನು ತೆಗೆದು ಒತ್ತಿದ. ಗೋಡೆಯಾಚೆ ರಿಂಗಾಯಿತು.

"ಹಲೋ! ಕೆಂಪ್ರಾಜಾ?"

ಬಾಯಿ ತೆರೆಯಲು ಹೆದರಿಕೆ. ಯಾವ ಅಕ್ಷರ ಹೊರಗೆ ಬೀಳುತ್ತದೋ ಅವನಿಗೇ ಗೊತ್ತಿರಲಿಲ್ಲ. ಎಕಾರವೇ ಇಲ್ಲದ ಒಂದು ಮಾತು ಹುಡುಕಿದ.

"ದೊಡ್ಡಮ್ಮಾ..."

"ಮಗಾ! ಯಾವಾಗಪ್ಪಾ ಬರ್ತೀಯಾ?"

"ಬಂದಿ, ದೊಡ್ಡಮ್ಮ," ಎಂದ ಕೆಂಪರಾಜ. ತಾನಾಗಿಯೇ ಬಂದಿತ್ತು ಅದು. "ಬಂದಿ. ಬಾಗಿಲಲ್ಲೇ ಇದ್ದೀನಿ."

ಆ ಕಡೆ ಮೂಗು ಎಳೆದುಕೊಂಡ ಸದ್ದು.

"ಯಾವಾಗ್ ಕೇಳಿದ್ರೂ ಬಂದಿ ಬಂದಿ ಅಂತೀಯಾ, ಬರೋದ್ ಮಾತ್ರ ಇಲ್ಲ. ಒಂದ್ನಿಮ್ಸ ಇರು ಕಂದಾ. ಬಾಗ್ಲಲ್ಲಿರೋನು ಆ ಬೈರೇಶ. ನಿನ್ನಂಗೇ ಮಾತಾಡಿ ಪ್ರಾಣ ತಿಂತಾವ್ನೆ. ಅಗುಳಿ ಹಾಕ್ಬಿಟ್ ಬರ್ತೀನಿ, ನೆಮ್ದಿಯಾಗಿ ಮಾತಾಡಾಣ."

ಅಗುಳಿ ಬಿದ್ದ ಸದ್ದು ಅವನ ಒಂದು ಕಿವಿಗೆ ಫೋನಿನಿಂದಲೂ, ಇನ್ನೊಂದು ಕಿವಿಗೆ ಬಾಗಿಲಿಂದಲೂ ಕೇಳಿಸಿತು.