ಕತ್ತು ತಿರುಗಿಸಿದ ಆನೆಯ ಆಕರ

ಐದನೇ ತರಗತಿಯ ಮಕ್ಕಳಿಗೆ ಸಂಶೋಧನೆ ಕಲಿಸಬೇಕೆಂಬ ದುರ್ಬುದ್ಧಿ ನನಗೆ ಬಂದದ್ದು ಅವರ ಪ್ರಾಜೆಕ್ಟುಗಳನ್ನು ತಿದ್ದುವಾಗ. ವಿಷಯ ಏನೇ ಇರಲಿ, ಮಾಹಿತಿ ಎಲ್ಲಿ ಸಿಕ್ಕಿತು ಎಂದರೆ ಎಲ್ಲರದೂ ಒಂದೇ ಉತ್ತರ: ಅಣ್ಣನ ಮೊಬೈಲು. ನನಗೆ ಉರಿದುಹೋಯಿತು.

"ಇನ್ನು ಮೇಲೆ ಪ್ರತಿ ಟಿಪ್ಪಣಿಯ ಕೆಳಗೆ ಎರಡು ಸಾಲು ಇರಬೇಕು. ಇದನ್ನು ಯಾರು ಹೇಳಿದರು? ಅವರಿಗೆ ಯಾರು ಹೇಳಿದರು? ಬೇರು ಸಿಗುವವರೆಗೆ ಬಿಡಬಾರದು. ಇದಕ್ಕೆ ಆಕರ ಅಂತಾರೆ!" ಎಂದು ಮೇಜು ಗುದ್ದಿದೆ. ಶನಿವಾರದ ಪೋಷಕರ ಸಭೆಯಲ್ಲಿ ಎಲ್ಲರೂ ತಮ್ಮ ಟಿಪ್ಪಣಿ ಓದತಕ್ಕದ್ದು ಎಂದೂ ಅಪ್ಪಣೆ ಕೊಡಿಸಿದೆ. (ಮೇಜಿನ ಸಿಬಿರು ಕೈಗೆ ಚುಚ್ಚಿತು. ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.)

ಹೇಮಾಶ್ರೀ ಎಂಬ ಹುಡುಗಿ ಆರಿಸಿಕೊಂಡದ್ದು ನಮ್ಮೂರ ಗುಡಿಯ ಕಲ್ಲಾನೆ. ಹಾರನಹಳ್ಳಿಯಿಂದ ಟೆಂಪೊದಲ್ಲಿ ಹತ್ತು ನಿಮಿಷ ಹೋದರೆ ನಮ್ಮೂರು. ಗುಡಿಯ ಬಾಗಿಲ ಪಕ್ಕದ ಸಾಲಿನಲ್ಲಿ ಒಂದಾನೆ ಮಾತ್ರ ಕತ್ತು ತಿರುಗಿಸಿ ಹಿಂದೆ ನೋಡುತ್ತದೆ. ಕಾರಣ ಊರಿಗೆಲ್ಲ ಗೊತ್ತು. ಕೆತ್ತುತ್ತಿದ್ದ ಶಿಲ್ಪಿಯನ್ನು ಹೆಂಡತಿ ಊಟಕ್ಕೆ ಕೂಗಿದಳು, ಅವನು ತಟ್ಟನೆ ತಿರುಗಿದ, ಆನೆಯೂ ತಿರುಗಿತು.

ಸಂಕಟ ಏನೆಂದರೆ, ಆ ಕಥೆಯ ಶಿಲ್ಪಿ ನಾನೇ! ಹದಿನೆಂಟು ವರ್ಷದ ಹಿಂದೆ ಬಾಣಾವರದಿಂದ ಈ ಊರಿಗೆ ಹೆಣ್ಣು ನೋಡಲು ಬಂದಾಗ, "ಇಬ್ಬರೂ ಗುಡಿ ನೋಡಿ ಬನ್ನಿ" ಎಂದು ಹಿರಿಯರು ಕಳಿಸಿದರು. ನಾನೆಂಥ ವಿಧೇಯ ಗಂಡನಾಗುತ್ತೇನೆಂದು ಭಾಗ್ಯಳಿಗೆ ಸೂಚಿಸಲು ನಿಂತಲ್ಲೇ ಹೆಣೆದ ಸುಳ್ಳು ಅದು. ಅವಳು ನಕ್ಕಳು, ಮದುವೆಯಾಯಿತು, ಕಥೆಯನ್ನು ಊರಿಗೆಲ್ಲ ಹಂಚಿದಳು. ಅಂದಿನಿಂದ ನಾನು ಊಟಕ್ಕೆ ತಡಮಾಡಿದರೆ, "ರಾಜನ ಕೆಲ್ಸ ಬಿಟ್ಟು ಆ ಶಿಲ್ಪೀನೇ ಬಂದ. ನಿಮ್ದೇನ್ರೀ ಅದಕ್ಕಿಂತ ದೊಡ್ಡದು?" ಎನ್ನುತ್ತಾಳೆ. ನನ್ನದೇ ಕಥೆ, ಎದುರಾಡುವಂತಿಲ್ಲ. ಎದ್ದು ಹೋಗುತ್ತೇನೆ. ಈಗ ಅದು ಸುಳ್ಳೆಂದು ತಿಳಿದರೆ ಅವಳಿಗೆ ಹೇಗೆ ಮುಖ ತೋರಿಸಲಿ?

"ಹೇಮಾ, ಆನೆ ಬಿಡಮ್ಮ. ತೆಂಗಿನಕಾಯಿ ಬಗ್ಗೆ ಬರಿ."

"ಇಲ್ಲ ಸಾ, ಅರ್ಧ ಬೇರು ಸಿಕ್ಕೈತೆ. ಅಂಗಡಿ ಶಿವಯ್ಯತಾತಂಗೆ ಹೇಳಿದ್ದು ದೇವೀರಮ್ಮಜ್ಜಿ."

"ಅಜ್ಜಿಗೆ ಮರೆವು ಕಣೇ."

"ಚೆನ್ನಾಗ್ ನೆಪ್ಪೈತೆ ಸಾ. ಅಜ್ಜಿಗೆ ಭಾಗ್ಯಕ್ಕ ಹೇಳಿದ್ದಂತೆ. ಈಗ ನಿಮ್ಮನೆಗೇ ಹೊಂಟಿದೀನಿ."

ಮೂರು ದಿನ ಕರೆಯುವ ಮೊದಲೇ ತಟ್ಟೆಯ ಮುಂದೆ ಕೂತೆ. ಭಾಗ್ಯ ಎರಡೆರಡು ಸಲ ತುಪ್ಪ ಬಡಿಸಿದಳು. ಭಯ ಇನ್ನೂ ಹೆಚ್ಚಾಯಿತು.

ಶನಿವಾರ ಭಾಗ್ಯ ಮುಂದಿನ ಬೆಂಚಿನಲ್ಲೇ ಕೂತಿದ್ದಳು. ಹೇಮಾಶ್ರೀ ಓದಿದಳು: "ಶಿವಯ್ಯನವರಿಗೆ ಹೇಳಿದವರು ದೇವೀರಮ್ಮ. ಅವರಿಗೆ ಭಾಗ್ಯಕ್ಕ. ಭಾಗ್ಯಕ್ಕನಿಗೆ ನಮ್ಮ ಮೇಷ್ಟ್ರು. ಮೇಷ್ಟ್ರಿಗೆ ಯಾರೂ ಹೇಳಿಲ್ಲ."

ಸಭೆ ಘೊಳ್ಳೆಂದಿತು. ನಾನು ಕೊನೆಯ ಅಸ್ತ್ರ ಬಿಟ್ಟೆ. "ಯಾರೂ ಹೇಳಿಲ್ಲ ಅನ್ನೋದಕ್ಕೆ ಆಕರ ಎಲ್ಲಿ?"

"ಬರ್ದಿದೀನಿ ಸಾ. ಭಾಗ್ಯಕ್ಕ ಹೇಳಿದ್ದು: 'ಸುಳ್ಳು ಅಂತ ಅವತ್ತೇ ಗೊತ್ತಾಯ್ತು. ಅಂಥಾ ಆನೆ ಹಿಂದಿನ ಗೋಡೇಲಿ ಇನ್ನೂ ನಾಕವೆ. ಆದ್ರೆ ನನ್ನ ಮೆಚ್ಚಿಸಾಕೆ ಅಂತ ಯಾರೂ ಅಷ್ಟು ಕಷ್ಟಪಟ್ಟು ಸುಳ್ಳು ಹೇಳಿರ್ಲಿಲ್ಲ. ಅದ್ಕೇ ಒಪ್ಕೊಂಡೆ.'" ಪುಟ ತಿರುಗಿಸಿದಳು. "ನಾನೇ ಹೋಗಿ ಎಣಿಸಿದೆ. ನಾಲ್ಕಲ್ಲ, ಐದು. ನೀವು ಒಂದ್ಸಲಾನೂ ಹಿಂದೆ ಹೋಗಿ ನೋಡಿಲ್ವಾ ಸಾ?"

ಹೋಗಿರಲಿಲ್ಲ. ನಾಚಿಕೆಯೂ ಆಯಿತು, ಎದೆಯೂ ತುಂಬಿ ಬಂತು. ಮನೆಯ ದಾರಿಯಲ್ಲಿ ಮೆತ್ತಗೆ ಕೇಳಿದೆ: "ಗೊತ್ತಿದ್ದೂ ಹದಿನೆಂಟು ವರ್ಷ ಯಾಕೆ ಸುಮ್ಮನಿದ್ದೆ ಭಾಗ್ಯ?"

"ಕರೆದ ತಕ್ಷಣ ಊಟಕ್ಕೆ ಬರ್ತಿದ್ರಲ್ಲಾ" ಎಂದಳು.