ದಸರಾ ಮೆಟ್ಟಿಲೇರಿದ ದೆವ್ವ

ಒಂದು ಸಿನಿಮಾ ಮಾಡಿದವನನ್ನು ಜನ ಪಾಪ ಎಂದು ಬಿಟ್ಟುಬಿಡುತ್ತಾರೆ. ಏನೋ ತಲೆ ಕೆಟ್ಟಿತ್ತು, ಮಾಡಿದ, ಇನ್ನು ಸರಿಹೋಗುತ್ತಾನೆ ಎಂಬ ನಂಬಿಕೆ ಅವರಿಗಿರುತ್ತದೆ. ಎರಡನೆಯ ಭಾಗ ತೆಗೆಯುತ್ತೇನೆ ಎಂದು ಹೊರಟವನ ಮೇಲೆ ಮಾತ್ರ ಯಾರಿಗೂ ಕರುಣೆ ಹುಟ್ಟುವುದಿಲ್ಲ. ನಾನು ಸೇಲಂನಲ್ಲಿ ಹಲ್ಲಿನ ಡಾಕ್ಟರು. ವಾರವೆಲ್ಲ ಊರಿನವರ ಬಾಯಿ ತೆರೆಸಿ ನೋಡುವ ನಾನು, ಭಾನುವಾರ ಬಂತೆಂದರೆ ಕೈಗೊಂಬೆಗಳ ಬಾಯಿ ಆಡಿಸುತ್ತಾ ದೆವ್ವದ ಸಿನಿಮಾ ತೆಗೆಯುತ್ತೇನೆ. ಹೆಂಡತಿ ಪದ್ಮ ಫೋನು ಹಿಡಿದು ಚಿತ್ರೀಕರಿಸುತ್ತಾಳೆ, ಕಾಲೇಜಿನಲ್ಲಿ ಓದುವ ಮಗಳು ನಿತ್ಯಾ ಎಡಿಟಿಂಗ್ ಮಾಡುತ್ತಾಳೆ, ಕೊಳತ್ತೂರಿನಲ್ಲಿ ಟೈಲರಿಂಗ್ ಮಾಡುವ ನನ್ನ ದೊಡ್ಡಮ್ಮ ಗೊಂಬೆಗಳಿಗೆ ಬಟ್ಟೆ ಹೊಲಿದು, ದೆವ್ವಕ್ಕೆ ದನಿಯನ್ನೂ ಕೊಡುತ್ತಾರೆ. ಉಳಿದದ್ದೆಲ್ಲ ನನ್ನ ಪಾಲು. ಉಳಿದದ್ದು ಎಂದರೆ ಮುಖ್ಯವಾಗಿ ಎಲ್ಲರಿಂದ ಬೈಸಿಕೊಳ್ಳುವುದು.

ಮೊದಲ ಭಾಗವನ್ನು ನಾವು ಹೆದರಿಸಲೆಂದೇ ತೆಗೆದಿದ್ದೆವು. ದೆವ್ವದ ಹೆಸರು ಕೆಂಚಕ್ಕ. ಹಲ್ಲಿನ ಅಚ್ಚು ತೆಗೆಯುವ ಪ್ಲಾಸ್ಟರಿನಲ್ಲಿ ತಲೆ, ತೆಂಗಿನ ನಾರಿನ ಕೂದಲು, ಕೋಟಿನ ಗುಂಡಿಗಳ ಕಣ್ಣು. ಬಾಯಿಗೆ ಮಾತ್ರ ನಾನೇ ಕೂತು ಒಂದು ಹಲ್ಲಿನ ಸೆಟ್ಟು ಮಾಡಿ ಕೂರಿಸಿದೆ. ಕಸುಬಿನ ಚಾಳಿ ನೋಡಿ, ದೆವ್ವವೆಂದು ಗೊತ್ತಿದ್ದರೂ ಹಲ್ಲು ಸೊಟ್ಟಗಿಡಲು ಕೈ ಬರಲಿಲ್ಲ. ಕೆಂಚಕ್ಕ ಕತ್ತಲಿನಿಂದ ಬಂದು ಬಾಯಿ ತೆರೆದರೆ ನೋಡಿದವರಿಗೆ ಭಯದ ಬದಲು ಆಸೆ ಹುಟ್ಟಿತು. ನನ್ನ ಕ್ಲಿನಿಕ್ಕಿಗೆ ಬಂದ ಒಬ್ಬ ಹಿರಿಯರು ನಾಚಿಕೊಂಡು, ನನಗೂ ಆ ದೆವ್ವದ ಥರದ್ದೇ ಹಾಕಿಕೊಡಿ ಎಂದರು. ರಕ್ತಕ್ಕೆಂದು ಸೇಲಂ ಸಬ್ಬಕ್ಕಿಯ ಗಂಜಿಗೆ ಬೀಟ್ರೂಟು ಹಿಂಡಿದ್ದೆವು. ಕ್ಯಾಮೆರಾ ಬರುವುದರೊಳಗೆ ಇರುವೆಗಳು ಬಂದವು. ಕೊನೆಯ ದೃಶ್ಯದಲ್ಲಿ ಕೆಂಚಕ್ಕ ಹೊಗೆನಕಲ್ಲಿನಲ್ಲಿ ತೆಪ್ಪ ಹತ್ತಿ ಮಾಯವಾಗಬೇಕಿತ್ತು. ತೆಪ್ಪದವನು ಗೊಂಬೆಯನ್ನು ಮೇಲಿಂದ ಕೆಳಗೆ ನೋಡಿ, "ದೆವ್ವ ಆದ್ರೇನು ಸಾರ್, ಜಾಕೆಟ್ ಆಕ್ದೆ ಅತ್ತಿಸ್ಕೊಳಂಗಿಲ್ಲ, ರೂಲ್ಸು" ಎಂದ. ಹಾಗಾಗಿ ನಮ್ಮ ಚಿತ್ರದ ಅತಿ ಭಯಾನಕ ಘಟ್ಟದಲ್ಲಿ ದೆವ್ವ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟಿದೆ.

ಇಷ್ಟಾದರೂ ಚಿತ್ರ ಉಳಿದುಕೊಂಡದ್ದು ದೊಡ್ಡಮ್ಮನ ದನಿಯಿಂದ. ಉಳಿದ ಗೊಂಬೆಗಳೆಲ್ಲ ತಮಿಳಿನಲ್ಲಿ ಮಾತಾಡುತ್ತವೆ. ದೊಡ್ಡಮ್ಮನಿಗೂ ತಮಿಳು ನೀರು ಕುಡಿದಷ್ಟು ಸುಲಭ. ಆದರೆ ಬೈಯುವುದು ಮಾತ್ರ ಕನ್ನಡದಲ್ಲೇ. ಕೆಂಚಕ್ಕನಿಗಾಗಿ ನಾನು ಬರೆದುಕೊಟ್ಟಿದ್ದ ಅಟ್ಟಹಾಸವನ್ನು ಪಕ್ಕಕ್ಕಿಟ್ಟು ಅವರು, "ಯಾಕ್ಲಾ ಇಂಗೆ ಅಲೀತೀಯಾ? ಮನೇಲಿ ಏಳೋರು ಕೇಳೋರು ಯಾರೂ ಇಲ್ವಾ? ಮೊದ್ಲು ಉಂಡಿದ್ದೀಯಾ ಏಳು, ಆಮೇಲೆ ಸಾಯಿಸ್ತೀನಿ" ಎಂದುಬಿಟ್ಟರು. ನೋಡಿದವರೆಲ್ಲ ಬಿದ್ದು ಬಿದ್ದು ನಕ್ಕರು. ಅಜ್ಜಿ ದೆವ್ವ ಮತ್ತೆ ಯಾವಾಗ ಬರುತ್ತೆ ಎಂದು ಕೇಳತೊಡಗಿದರು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರಿಸುವ ನಿತ್ಯಾ, ಸ್ನೇಹಿತೆಯರೊಡನೆ ಫೋನಿನಲ್ಲಿ "ಯಾಕ್ಲಾ ಇಂಗೆ ಅಲೀತೀಯಾ" ಎನ್ನುವುದನ್ನು ಕೇಳಿದೆ. ಹೇಳಿದರೆ ನಗಬೇಡಿ, ನನಗೆ ಮನಸ್ಸು ತುಂಬಿ ಬಂದದ್ದು ಆಗ. ಎರಡನೆಯ ಭಾಗ ಮಾಡಲೇಬೇಕು ಎಂದು ತೀರ್ಮಾನಿಸಿದ್ದೂ ಆಗಲೇ.

ಕತೆ ಬರೆದೆ. ನನ್ನದೇ ಮುಖಚಹರೆಯ ನಾಯಕ ಗೊಂಬೆ ಕರ್ಪೂರದ ಬೆಂಕಿಯಲ್ಲಿ ಕೆಂಚಕ್ಕನನ್ನು ಸುಟ್ಟು ಊರನ್ನು ಉಳಿಸಬೇಕು. ದಸರಾ ಮುಗಿದ ಮೇಲೆ ಕೊಳತ್ತೂರಿಗೆ ಹೋಗಿ, ದೊಡ್ಡಮ್ಮನ ಬಳಿ ಬಿಟ್ಟಿದ್ದ ಗೊಂಬೆಯನ್ನು ಕೇಳಿದೆ. ಅವರು ಟ್ರಂಕು ತೆರೆದು, ಮೆತ್ತನೆಯ ಹಳೇ ಪಂಚೆಯಲ್ಲಿ ಸುತ್ತಿದ್ದ ಕೆಂಚಕ್ಕನನ್ನು ಹೊರತೆಗೆದರು. ಹಣೆಯಲ್ಲಿ ಕುಂಕುಮ, ನಾರಿನ ಕೂದಲಲ್ಲಿ ಒಣಗಿದ ಮಲ್ಲಿಗೆ. ನಮ್ಮ ಕಡೆ ದಸರೆಗೆ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುವವರು ಪ್ರತಿವರ್ಷ ಒಂದಾದರೂ ಹೊಸ ಗೊಂಬೆ ಸೇರಿಸಬೇಕು. ಈ ಸಲ ಪೇಟೆಗೆ ಹೋಗಲು ಮಂಡಿನೋವು ಬಿಡಲಿಲ್ಲವಂತೆ. ಮನೆಯಲ್ಲಿ ಹೊಸದಾಗಿ ಇದ್ದವಳು ಕೆಂಚಕ್ಕ ಒಬ್ಬಳೇ. ಪಟ್ಟದ ಗೊಂಬೆಗಳ ಪಕ್ಕದಲ್ಲೇ ಕೂರಿಸಿದ್ದಾರೆ. ಹಾಡು ಹೇಳಲು ಬಂದ ಹೆಂಗಸರು ಇದು ಯಾವ ಅಮ್ಮನವರು ಎಂದು ಕೇಳಿ, ಕೈಮುಗಿದು, ಕಡಲೆ ಉಸಲಿ ತಿಂದು ಹೋಗಿದ್ದಾರೆ.

ಸುಡುವ ವಿಷಯ ಹೇಳಿದ್ದೇ ತಡ, ದೊಡ್ಡಮ್ಮ ಗೊಂಬೆಯನ್ನು ಎದೆಗವಚಿಕೊಂಡರು.

"ಏನ್ಲಾ, ಓದ್ದೋನು ನೀನು! ಮೆಟ್ಲ ಮ್ಯಾಲೆ ಕೂತು ಆರತಿ ತಗೊಂಡೋಳ್ನ ಸುಡ್ತೀಯಾ?"

"ದೊಡ್ಡಮ್ಮ, ಅವಳು ದೆವ್ವ."

"ದೆವ್ವಾನೇ ಇರ್ಲಿ, ಈಗ ನಮ್ಮನೆ ದೆವ್ವ. ಬರೋ ವರ್ಸಾನೂ ಅವ್ಳು ಕೂತ್ಕಬೇಕು. ಅವ್ಳಿಗೆ ಬೆಂಕಿ ಇಕ್ಕೋದಾದ್ರೆ ನಾನು ವಾಯ್ಸ್ ಕೊಡಕ್ಕಿಲ್ಲ. ಆಗಾಕಿಲ್ಲ, ಮುಡಿಯಾದು!"

ಬೇರೆ ಗೊಂಬೆ ಮಾಡಿ ಸುಡುತ್ತೇನೆ ಎಂದೆ. ಮುಖ ಅದೇ ತಾನೇ ಎಂದರು. ಸಿನಿಮಾ ಸುಳ್ಳು ಎಂದೆ. ಹಾಗಾದರೆ ನಿನ್ನ ಮುಖಕ್ಕೆ ಇಟ್ಟುಕೋ ಬೆಂಕಿ, ಅದೂ ಸುಳ್ಳೇ ಎಂದರು.

ಸಿಟ್ಟಿನಲ್ಲಿ ಬಸ್ಸು ಹತ್ತಿ ಬಂದುಬಿಟ್ಟೆ. ಇವರಿಲ್ಲದಿದ್ದರೆ ಸಿನಿಮಾ ನಿಲ್ಲುತ್ತದೆಯೇ ಎಂದು ಪದ್ಮನ ಕೈಯಲ್ಲಿ ಕೆಂಚಕ್ಕನ ಮಾತು ಹೇಳಿಸಿದೆ. ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬಂದ ವಿಷಯ ತಿಳಿಸಿದ ಹಾಗಿತ್ತು. ನಾನೇ ಹೇಳಿ ನೋಡಿದೆ. ಗಂಟಲಿಗೆ ಮಾತ್ರೆ ತಗೊಳ್ಳಪ್ಪ ಎಂದಳು ನಿತ್ಯಾ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಸಿನಿಮಾ ಹಾಳಾಗಿ ಹೋಗಲಿ, ನಮ್ಮ ಮನೆಯಲ್ಲಿ ಹಾಗೆ ಬೈಯಬಲ್ಲವರು ದೊಡ್ಡಮ್ಮ ಒಬ್ಬರೇ ಉಳಿದಿದ್ದಾರೆ. ಆ ದನಿ ಇನ್ನೊಂದಿಷ್ಟು ಎಲ್ಲಾದರೂ ಉಳಿದಿರಲಿ ಎಂಬುದೇ ನನ್ನ ಆಸೆಯಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಲಾರದೆ ದೆವ್ವ, ಕರ್ಪೂರ, ಲಾಜಿಕ್ಕು ಎಂದು ಜಗಳವಾಡಿ ಬಂದಿದ್ದೆ.

ರಾಜಿ ಮಾಡಿಸಿದ್ದು ನಿತ್ಯಾ. ದೊಡ್ಡಮ್ಮನಿಗೆ ಫೋನು ಮಾಡಿ ತಮಿಳಿನಲ್ಲಿ ಅಜ್ಜಿಗೆ ಹೇಳುವ ಹಾಗೆ ಪಾಟ್ಟಿ ಎಂದು ಕರೆದಳು. ಅಜ್ಜಿಯೂ ಮೊಮ್ಮಗಳೂ ತಮಿಳೋ ಕನ್ನಡವೋ ತಿಳಿಯದ ಭಾಷೆಯಲ್ಲಿ ಹರಟಿ, ನನಗೆ ತೀರ್ಪು ತಿಳಿಸಿದರು. ಕೆಂಚಕ್ಕ ಸಾಯುವುದಿಲ್ಲ. ಕಲ್ಲೆಡವಿ ಬಿದ್ದು ನಾಯಕ ಸಾಯುತ್ತಾನೆ. "ಅವ್ನು ಮೆಟ್ಲ ಮ್ಯಾಲೆ ಕೂತಿಲ್ವಲ್ಲ" ಎಂದರಂತೆ ದೊಡ್ಡಮ್ಮ. ಇದಕ್ಕೆ ಪದ್ಮ ಒಪ್ಪಿದ ವೇಗ ನನಗೆ ಅಷ್ಟು ಹಿಡಿಸಲಿಲ್ಲ.

ರೆಕಾರ್ಡಿಂಗಿಗೆ ಮತ್ತೆ ಕೊಳತ್ತೂರಿಗೆ ಹೋದೆವು. ಮನೆಯ ಮುಂದೆಯೇ ಬಸ್ಸುಗಳು ಹಾರನ್ ಹೊಡೆಯುತ್ತವೆ. ಹಾಗಾಗಿ ನಾನೂ ದೊಡ್ಡಮ್ಮನೂ ಮಂಚದ ಮೇಲೆ ಕೂತು ದಪ್ಪ ರಜಾಯಿ ಹೊದ್ದುಕೊಂಡೆವು. ನನ್ನ ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಟಾರ್ಚು. ದೊಡ್ಡಮ್ಮನ ಮಡಿಲಲ್ಲಿ ಸತ್ತ ನಾಯಕ, ಎಂದರೆ ನನ್ನ ಗೊಂಬೆ. ಸತ್ತವನನ್ನು ನೋಡಿ ಕೆಂಚಕ್ಕ ಗಹಗಹಿಸಿ ನಗಬೇಕು ಎಂದು ವಿವರಿಸಿದೆ. ದೊಡ್ಡಮ್ಮ ಆಗಲಿ ಎಂದು ತಲೆಯಾಡಿಸಿದರು. ಗೊಂಬೆಯ ಮುಖ ನೋಡಿದರು. ಅಂಗಿಯ ಕಾಲರು ಸರಿಮಾಡಿದರು. ನಗು ಬರಲಿಲ್ಲ.

"ಏಳ್ಲಾ ಮಗ" ಎಂದರು. "ಆಟ ಸಾಕು. ಮುದ್ದೆ ಆರೋಗ್ತೈತೆ. ನೀನೇ ಇಂಗೆ ಮಲಿಕ್ಕೊಂಡ್ರೆ ನಾನು ಯಾರ್ನಲಾ ಬೈಕೊಂಡಿರ್ಲಿ?"

ಕಟ್ ಎನ್ನಬೇಕಾದವನು ನಾನು. ಎನ್ನಲಿಲ್ಲ. ರಜಾಯಿಯೊಳಗೆ ಸೆಕೆ ವಿಪರೀತ, ಕಣ್ಣಿಗೆ ಬೆವರು ಇಳಿದಿರಬೇಕು ಎಂದು ಪದ್ಮನಿಗೆ ಆಮೇಲೆ ಹೇಳಿದೆ. ಅವಳು ಏನೂ ಕೇಳಿರಲಿಲ್ಲ.

ನಾಯಕನನ್ನು ಸಾಯಿಸಲಾಗಲಿಲ್ಲ. ಅಷ್ಟು ಬೈದ ಮೇಲೆ ಏಳದೆ ಇರಲು ಯಾವ ಹೆಣಕ್ಕೆ ತಾನೇ ಧೈರ್ಯ ಬರುತ್ತದೆ? ಎದ್ದು ಕೂತು ಮುದ್ದೆ ಉಂಡ. ಊರು ಉಳಿಯಿತೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಆದರೆ ಆ ಮಾತಿನ ಕೊನೆಗೆ ಮೂಗು ಸೊರ್ರೆಂದ ಒಂದು ಸದ್ದು ಮೈಕಿನಲ್ಲಿ ಸೇರಿಕೊಂಡಿತ್ತು. ನಿತ್ಯಾ ಎಷ್ಟು ಉಜ್ಜಿದರೂ ಅದು ಹೋಗಲಿಲ್ಲ, ಬಿಟ್ಟುಬಿಟ್ಟಳು. ಈಗ ನೋಡಿದವರೆಲ್ಲ ಆ ಜಾಗದಲ್ಲಿ ಅಜ್ಜಿ ದೆವ್ವದ ಅಳು ಎಷ್ಟು ಸಹಜ, ಎಂಥ ನಟನೆ ಎಂದು ಕೊಂಡಾಡುತ್ತಿದ್ದಾರೆ. ದೊಡ್ಡಮ್ಮ ಅದಷ್ಟನ್ನೂ ನಗುತ್ತಾ ಸ್ವೀಕರಿಸುತ್ತಿದ್ದಾರೆ. ಅದು ನನ್ನ ಮೂಗು ಎಂದು ಹೇಳಿಕೊಳ್ಳುವ ಹಾಗೂ ಇಲ್ಲ.