ಏಳನೆಯ ನಂಬರ್ ಮತಗಟ್ಟೆಯಲ್ಲಿ ದಾಕ್ಷಾಯಣಿಯ ದಿಗ್ವಿಜಯ

ಹೇ ವಾಗ್ದೇವಿ, ಅರಸರ ಕಾಳಗಗಳನ್ನು ಹಾಡಿ ಹಾಡಿ ನಿನ್ನ ಗಂಟಲು ಒಣಗಿದ್ದರೆ ಒಂದು ಗಳಿಗೆ ಇಲ್ಲಿ ಕುಳಿತುಕೋ. ಕೃತ, ತ್ರೇತಾ, ದ್ವಾಪರಗಳು ತಮ್ಮ ತಮ್ಮ ಗದ್ದಲ ಮುಗಿಸಿ ಮಲಗಿದ ಮೇಲೆ, ಕಲಿಯುಗದ ಒಂದು ಉರಿವೈಶಾಖದಲ್ಲಿ, ಪ್ರಚಾರದ ಧ್ವನಿವರ್ಧಕಗಳೆಲ್ಲ ಮೌನವ್ರತ ಹಿಡಿದು ಎರಡು ದಿನವಾದ ಬೆಳಗಿನಲ್ಲಿ, ಹಿರೇಕಣವಿಯೆಂಬ ಪಟ್ಟಣದ ಏಳನೆಯ ನಂಬರ್ ಮತಗಟ್ಟೆಗೆ ದಂಡೆತ್ತಿ ಹೊರಟವಳ ಕಥೆ ಇದು.

ಅವಳು ದಾಕ್ಷಾಯಣಿ. ಶ್ವೇತದಂಡಧಾರಿಣಿ, ಸಹಕಾರಿ ಬ್ಯಾಂಕಿನ ದೂರವಾಣೀಪೀಠಾಧೀಶ್ವರಿ, ಹುಟ್ಟಿನಿಂದ ಕಣ್ಣು ಕಾಣದಿದ್ದರೂ ಹೆಜ್ಜೆಯ ಸದ್ದಿನಿಂದಲೇ ಮ್ಯಾನೇಜರನ ಮನಸ್ಥಿತಿಯನ್ನು ಅರಿಯಬಲ್ಲ ಶಬ್ದಸೂಕ್ಷ್ಮವಿಶಾರದೆ. ಆರು ತಿಂಗಳ ಹಿಂದೆ ಅಣ್ಣನ ಮನೆ ಬಿಟ್ಟು ಬಾಡಿಗೆ ಕೋಣೆ ಹಿಡಿದು, ತನ್ನ ಒಲೆ ತಾನೇ ಹಚ್ಚಿ, ಎರಡೇ ಎರಡು ಬಾರಿ ಕೈ ಸುಟ್ಟುಕೊಂಡು, ಅದನ್ನು ಅಣ್ಣನಿಗೆ ತಿಳಿಸದೆ ಗೆದ್ದ ಧೀರೆ.

ಪಕ್ಕದಲ್ಲಿ ನಡೆದವನು ಆ ಅಣ್ಣನೇ: ವೀರಭದ್ರಪ್ಪ, ರಸಗೊಬ್ಬರದಂಗಡಿಯ ಒಡೆಯ, ದ್ವಿಮಸೀಮುದ್ರಾಲಂಕೃತ. ಈ ಬಿರುದಿಗೊಂದು ಹಿನ್ನೆಲೆಯುಂಟು. ಕಣ್ಣು ಕಾಣದವರು ಬಯಸಿದರೆ ಜೊತೆಗಾರರನ್ನು ಒಳಗೆ ಕರೆದೊಯ್ಯಬಹುದು. ಅವರ ಪರವಾಗಿ ಗುಂಡಿ ಒತ್ತಿದ ಆ ಜೊತೆಗಾರನ ಬಲಗೈ ತೋರುಬೆರಳಿಗೂ ಮಸಿ ಬೀಳುತ್ತದೆ. ಎಡಗೈಯಲ್ಲಿ ತನ್ನದು, ಬಲಗೈಯಲ್ಲಿ ತಂಗಿಯದು. ಹೀಗೆ ನಾಲ್ಕು ಚುನಾವಣೆಗಳಲ್ಲಿ ವೀರಭದ್ರಪ್ಪ ಎರಡು ಬೆರಳು ಕಪ್ಪಾಗಿಸಿಕೊಂಡು, ಬಸ್ ನಿಲ್ದಾಣದೆದುರಿನ ಹೋಟೆಲಿನಲ್ಲಿ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಇಡೀ ಹೋಟೆಲಿಗೆ ಕಾಣುವಂತೆ ಗಂಟೆಗಟ್ಟಲೆ ಹೀರುತ್ತಿದ್ದ.

ಈ ಸಲ ದಾಕ್ಷಾಯಣಿಗೆ ಬೇಕಾಗಿದ್ದುದು ಒಂದೇ. ತನ್ನ ಮತದ ಗುಂಡಿಯನ್ನು ತನ್ನ ಬೆರಳೇ ಒತ್ತಬೇಕು.

ತನ್ನ ಮತ ಚಲಾಯಿಸಿ ಎಡಬೆರಳಿನ ಮಸಿಯನ್ನು ಆಗಲೇ ಒಣಗಿಸಿಕೊಂಡಿದ್ದ ವೀರಭದ್ರಪ್ಪ, ತಂಗಿಯ ಸರದಿ ಬಂದೊಡನೆ, ಸಮುದ್ರೋಲ್ಲಂಘನಕ್ಕೆ ಸಜ್ಜಾದ ವೀರನಂತೆ ಬಲಗೈಯ ತೋರುಬೆರಳನ್ನು ಮಸಿಯ ಶೀಶೆಯತ್ತ ಚಾಚಿದ.

"ಅಣ್ಣಾ, ಬೆರಳು ಒಳಗ ಇಟ್ಕೋ," ಎಂದಳು ದಾಕ್ಷಾಯಣಿ. "ಇವತ್ತು ನಾನ ಒತ್ತತೀನಿ."

ಮೇಜಿನ ಹಿಂದೆ ಗಾಳಿ ಬೀಸಿಕೊಳ್ಳುತ್ತಿದ್ದ ಮತಗಟ್ಟೆಯ ಅಧಿಕಾರಿ ಹೊಳೆಬಸಪ್ಪ ಮಾಸ್ತರರ ಕೈ ತಟ್ಟನೆ ನಿಂತಿತು. ಸಾಲಿನಲ್ಲಿದ್ದ ಮೂವತ್ತು ಜನ ಮೂವತ್ತು ಸಲ ಕೆಮ್ಮಿದರು.

ಆಗ ವೀರಭದ್ರಪ್ಪ ಮೇಘಗಂಭೀರ ಸ್ವರದಲ್ಲಿ ನುಡಿದನು: "ಏ ದಾಕ್ಷೂ, ಸುಮ್ನಿರು. ಹನ್ನೊಂದು ಗುಂಡಿ ಅದಾವ ಒಳಗ. ತಪ್ಪಿ ಮ್ಯಾಲಿಂದು ಒತ್ತಿದ್ರ? ಕೆಳಗಿಂದು ಒತ್ತಿದ್ರ? ನಾ ಇದ್ದಾಗ ನಿನಗ್ಯಾಕ ಆ ತ್ರಾಸು? ನಾಲ್ಕು ಸಲ ಒತ್ತೀನಿ, ಒಂದ ಸಲನಾದ್ರೂ ನನ್ನ ಕೈ ನಡುಗೇತೇನು?"

"ದಿನಾ ಬ್ಯಾಂಕಿನ್ಯಾಗ ಐನೂರು ಗುಂಡಿ ಒತ್ತತೀನಿ," ದಾಕ್ಷಾಯಣಿ ದಂಡವನ್ನು ನೆಲಕ್ಕೊಮ್ಮೆ ಕುಟ್ಟಿದಳು. "ನಿನ್ನ ಅಂಗಡಿಗೆ ಫೋನ್ ಹಚ್ಚಂದಾಗ ಒಮ್ಮೆರ ಮಸಣಕ್ಕ ಹಚ್ಚೀನೇನು?"

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ವೀರಭದ್ರಪ್ಪನ ಕವಚದ ಸಂದಿಗೆ ಬಾಣದಂತೆ ನೆಟ್ಟಿತು. ಕೋಪಾರುಣವದನನಾಗಿ, ವಿವೇಕವೆಂಬ ಸಾರಥಿಯನ್ನು ರಥದಿಂದ ಕೆಳಗಿಳಿಸಿ, ಅವನು ಗರ್ಜಿಸಿದ:

"ನಿನ್ನ ಒಳ್ಳೇದಕ್ಕ ಹೇಳೂದು. ಹೋದ ಸಲ ನೀ ಹೇಳಿದಂವಗ ಒತ್ತಿದ್ರ ವೋಟು ಹಾಳಾಗ್ತಿತ್ತು. ಅದಕ್ಕ ಗೆಲ್ಲೋ ಕುದುರಿಗೆ ಒತ್ತಿ ಬಂದೆ. ಅಣ್ಣ ಅನ್ನಾಂವ ಇರೂದು ಯಾಕ?"

ಗೋಡೆಯ ಹಲ್ಲಿಯೂ ಲೊಚಗುಟ್ಟುವುದನ್ನು ಮುಂದೂಡಿತು.

ದಾಕ್ಷಾಯಣಿಗೆ ಕಿವಿಯೊಳಗೆ ಒಂದು ಕ್ಷಣ ಏನೂ ಕೇಳಿಸಲಿಲ್ಲ. ಐದು ವರ್ಷ. ಐದು ವರ್ಷ ಅವಳು ಬ್ಯಾಂಕಿನಲ್ಲಿ, ಬಸ್ಸಿನಲ್ಲಿ, ಮನೆಯೊಡತಿಯ ಕಟ್ಟೆಯ ಮೇಲೆ, ನನ್ನ ವೋಟು ಇಂಥವರಿಗೇ ಎಂದು ವಾದಿಸಿ ಜಗಳವಾಡಿದ್ದಳು. ಆ ಮತ ಎಂದೂ ಬಿದ್ದೇ ಇರಲಿಲ್ಲ.

"ಆ ಕುದುರಿ ಗೆದ್ದೇತೇನು?" ಮೆಲ್ಲಗೆ ಕೇಳಿದಳು.

"ಇಲ್ಲ," ಎಂದ ವೀರಭದ್ರಪ್ಪ, ತೀರಾ ಸಣ್ಣ ದನಿಯಲ್ಲಿ.

ಹೊಳೆಬಸಪ್ಪ ಮಾಸ್ತರರು ಕನ್ನಡಕ ತೆಗೆದರು. "ವೀರಭದ್ರಪ್ಪನವರ, ಗುಟ್ಟು ಕಾಯ್ತೀನಂತ ಜೊತೆಗಾರ ಸಹಿ ಮಾಡ್ತಾನ. ನೀವು ಗುಟ್ಟನ್ನ ಆಕಿಯಿಂದನ ಕಾಯ್ದೀರಲ್ರಿ." ಆಮೇಲೆ ದಾಕ್ಷಾಯಣಿಯತ್ತ ತಿರುಗಿ ತಲೆ ಕೆರೆದುಕೊಂಡರು. "ನೀವ ಒತ್ತಬಹುದು, ತಂಗಿ. ಕಾಯ್ದೆ ಐತಿ. ಆದ್ರ ಆ ಬ್ರೈಲ್ ಹಾಳಿ ಒಂದು ಕೊಟ್ಟಿದ್ರು, ಮುಂಜಾನಿಂದ ಹುಡುಕಾಕತ್ತೀನಿ, ಎಲ್ಲೂ ಸಿಗವಲ್ದು. ಅದಿಲ್ದ ನಿಮಗ ಯಾರ ನಂಬರ್ ಎಷ್ಟಂತ ಹೆಂಗ ಗೊತ್ತಾಗಬೇಕು?"

ಚಿಂತಾಕ್ರಾಂತರಾಗಿ ಅವರು ಮತ್ತೆ ಗಾಳಿ ಬೀಸಿಕೊಳ್ಳತೊಡಗಿದರು. ಗರಕ್, ಗರಕ್, ಗರಕ್.

ದಾಕ್ಷಾಯಣಿಯ ಕಿವಿ ನಿಮಿರಿತು. ಸಾಮಾನ್ಯ ಕಾಗದ ಪಟಪಟ ಎನ್ನುತ್ತದೆ, ರಟ್ಟು ಧಪ್ ಎನ್ನುತ್ತದೆ. ಇದು ಶಾಲೆಯ ದಿನಗಳಿಂದ ಅವಳು ಬೆರಳಡಿ ಮಗುಚಿದ ಸಾವಿರ ಪುಟಗಳ ದಪ್ಪ ಸದ್ದು.

"ಸರ, ನಿಮ್ಮ ಕೈಯಾಗಿನ ಬೀಸಣಿಗಿ ಕೊಡ್ರಿ."

ಮಾಸ್ತರರು ಬೀಸಣಿಗೆಯನ್ನು ನೋಡಿದರು. ಮಗುಚಿ ನೋಡಿದರು. ಬೆಳಕಿಗೆ ಹಿಡಿದರು. ಅದರ ತುಂಬ ಸಣ್ಣ ಸಣ್ಣ ಗುಳ್ಳೆಗಳಿದ್ದವು. "ಖಾಲಿ ಹಾಳಿ ಅಂದ್ಕೊಂಡಿದ್ದೆ," ಎಂದರು, ಮೂವತ್ತು ವರ್ಷ ಮಕ್ಕಳಿಗೆ ಓದು ಕಲಿಸಿದ ಆ ಮಹಾನುಭಾವರು.

ಬೆವರಿನಿಂದ ಒಂದು ಮೂಲೆ ಮೆತ್ತಗಾಗಿದ್ದರೂ ಹನ್ನೊಂದೂ ಹೆಸರುಗಳು ಬೆರಳಿಗೆ ಸಿಕ್ಕವು. ಎಡಬೆರಳಿಗೆ ಮಸಿ ಹಚ್ಚಿಸಿಕೊಂಡು, ಅಣ್ಣನನ್ನು ಮೇಜಿನ ಈಚೆಗೇ ನಿಲ್ಲಿಸಿ, ಏಕಾಂಗವೀರೆಯಾಗಿ ದಾಕ್ಷಾಯಣಿಯು ಆ ರಟ್ಟಿನ ಮರೆಯೆಂಬ ಚಕ್ರವ್ಯೂಹವನ್ನು ಹೊಕ್ಕಳು. ಗುಂಡಿಗಳ ಪಕ್ಕದ ಚುಕ್ಕಿಯಂಕಿಗಳ ಮೇಲೆ ಬೆರಳು ಇಳಿಯಿತು, ನಿಂತಿತು, ಹಿಂದಕ್ಕೆ ಬಂದು ಮತ್ತೊಮ್ಮೆ ಖಚಿತಮಾಡಿಕೊಂಡಿತು. ಯಾವ ಅಂಕಿ ಎಂಬುದನ್ನು ಈ ಕಥೆ ಹೇಳುವುದಿಲ್ಲ. ಗುಟ್ಟನ್ನು ಒಮ್ಮೆ ಮುರಿದವನೊಬ್ಬ ಸಾಕು.

ದಿಕ್ಪಾಲಕರು ಉಸಿರು ಬಿಗಿಹಿಡಿದರು. ಕುಲಪರ್ವತಗಳು ಕತ್ತು ಚಾಚಿದವು. ಬೆರಳು ಒತ್ತಿತು.

ಪೀಂ, ಎಂದಿತು ಯಂತ್ರ. ಅಷ್ಟೇ.

ಹೊರಗೆ ಬಂದಾಗ ವೀರಭದ್ರಪ್ಪ ಬೋಳು ಬಲಬೆರಳನ್ನು ಜೇಬಿನಲ್ಲಿ ಮುಚ್ಚಿಟ್ಟುಕೊಂಡು ನಿಂತಿದ್ದ. ಇಬ್ಬರೂ ಬಸ್ ನಿಲ್ದಾಣದತ್ತ ನಡೆದರು. ಹೋಟೆಲಿನ ಬೆಂಚಿನ ಮೇಲೆ ಕುಳಿತಾದ ಮೇಲೆ ಕೆಮ್ಮಿ ಕೇಳಿದ: "ಯಾರಿಗೆ ಒತ್ತಿದಿ?"

"ಹೇಳಂಗಿಲ್ಲ."

"ಹೋಗ್ಲಿ, ಗೆಲ್ಲೋ ಕುದುರಿಗೇನು?"

"ಅಣ್ಣಾ, ಚಾ ಆರತೈತಿ." ಅವಳು ಎಡಗೈಯನ್ನು ಅವನ ಮುಂದೆ ಚಾಚಿದಳು. "ಮಸಿ ನೋಡು. ಎಷ್ಟು ದೊಡ್ಡದೈತಿ?"

ವೀರಭದ್ರಪ್ಪ ಬಗ್ಗಿ ನೋಡಿದ. ಗಲಾಟೆಯಲ್ಲಿ ಮಸಿ ಹಚ್ಚುವವನು ಕಡ್ಡಿಯನ್ನು ಅರೆಬರೆ ಅದ್ದಿದ್ದನೇನೋ. ಸುಳ್ಳು ಹೇಳಲೇ ಎಂದು ಒಂದು ಗಳಿಗೆ ಯೋಚಿಸಿದ. ತಂಗಿಗೆ ಹೇಳಿದ ಸುಳ್ಳು ಅವತ್ತಿಗೆ ಸಾಕಾಗಿತ್ತು.

"ಅರ್ಧ ಅಕ್ಕಿಕಾಳಿನಷ್ಟ," ಎಂದ.

ದಾಕ್ಷಾಯಣಿ ಲೋಟವನ್ನು ಎಡಗೈಯಲ್ಲಿ ಎತ್ತಿ, ಆ ಬೆರಳೊಂದನ್ನು ನಿಗುರಿಸಿ, ಇಡೀ ಹೋಟೆಲಿಗೆ ಕಾಣುವಂತೆ ಹಿಡಿದುಕೊಂಡು, ಆರಿದ ಚಹಾವನ್ನು ಬಹಳ ಹೊತ್ತು ಕುಡಿದಳು.